ಸಂಚಾರ ದೀಪದ ಚರಿತ್ರೆಯಲ್ಲಿ ಪ್ರಶಸ್ತಿಭಾಗವೂ ದಾನಭಾಗವೂ

ಕೋಲಾರ ಸೀಮೆಯ ವಕ್ಕಲೇರಿಯಲ್ಲಿ ದೊರೆತ ತಾಮ್ರಪಟಗಳು ಶಾಸನಾಭ್ಯಾಸಿಗಳಿಗೆ ಸುಪರಿಚಿತವಾದುವು. ಬಾದಾಮಿ ಚಾಲುಕ್ಯ ವಂಶದ ಇಮ್ಮಡಿ ಕೀರ್ತಿವರ್ಮನು ಶಕವರ್ಷ ೬೭೯ರಲ್ಲಿ, ಎಂದರೆ ಕ್ರಿ. ಶ. ೭೫೭ರಲ್ಲಿ, ಇವನ್ನು ಬರೆಸಿದನು. ಪಟಗಳ ಬಹುಭಾಗವನ್ನು ವಂಶಪ್ರಶಸ್ತಿಯೇ ಆಕ್ರಮಿಸಿಕೊಂಡಿದೆ. ಯಾರು ಯಾರನ್ನು ಗೆದ್ದರು, ಯಾವ ಧ್ವಜವನ್ನು ಕಿತ್ತು ತಂದರು, ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಹೊಕ್ಕೂ ಅದನ್ನು ಹಾಳುಗೆಡವದೆ ಅಲ್ಲಿಯ ರಾಜಸಿಂಹೇಶ್ವರ ದೇವಾಲಯಕ್ಕೆ ಸುವರ್ಣವನ್ನು ಹೇಗೆ ಒಪ್ಪಿಸಿದನು ಎಂಬಿವೇ ಮೊದಲಾದ ಸಂಗತಿಗಳು ಸಾಲುಗಟ್ಟಿ ಬರುತ್ತವೆ. ದಾನದ ವಿಷಯ ಬರುವುದು ಕಡೆಯಲ್ಲಿ: ಭೀಮರಥೀ ನದಿಯ ಉತ್ತರದ ದಡದಲ್ಲಿ ಬೀಡುಬಿಟ್ಟಿದ್ದ ಅರಸನು ಹಾನಗಲ್ಲು ನಾಡಿನ ಊರೊಂದನ್ನು ದಾನವಾಗಿ ಕೊಟ್ಟನು. ಪಟ ಸಿಕ್ಕಿದ್ದು ಇಲ್ಲಿ, ನೆಲವಿದ್ದುದು ಅಲ್ಲಿ. ವಿದ್ಯಾರ್ಥಿಗಳಿಗೆ ಈ ಶಾಸನವನ್ನು ಪಾಠ ಹೇಳುವಾಗ ನಾವು ಎರಡು ಮಾತುಗಳನ್ನು ಒತ್ತಿ ಹೇಳುವುದುಂಟು. ಪ್ರಶಸ್ತಿಯನ್ನು ಓದಿ ಮುಗಿಸಿದ ಮಾತ್ರಕ್ಕೆ ಶಾಸನವನ್ನು ಓದಿದಂತಾಗಲಿಲ್ಲ. ಪಟ ಸಿಕ್ಕಿದ ಸ್ಥಳವೇ ದಾನದ ಸ್ಥಳವೂ ಆಗಿರಬೇಕಾಗಿಲ್ಲ. ಕೊಟ್ಟವರು ಯಾರೆಂಬುದರಷ್ಟೇ ಮುಖ್ಯವಾದುದು ಯಾರಿಗೆ ಕೊಟ್ಟರು, ಯಾವ ಎಲ್ಲೆಕಟ್ಟಿನೊಳಗೆ ಕೊಟ್ಟರು ಎಂಬುದು.

ತೀರ ಈಚಿನ ಕಾಲಕ್ಕೆ ಸೇರಿದ, ಶಾಸನಶಾಸ್ತ್ರಕ್ಕೂ ತನಗೂ ಏನೇನೂ ಸಂಬಂಧವಿಲ್ಲವೆಂದು ತೋರುವ ಒಂದು ವಿಷಯಕ್ಕೆ ಈ ಮಾತುಗಳನ್ನು ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ನಗರಗಳಲ್ಲಿ ದಾರಿಗಳು ಕೂಡುವೆಡೆ ನಿಂತಿರುವ ಸಂಚಾರ ದೀಪಗಳ ಚರಿತ್ರೆಯೇ ಆ ವಿಷಯ. ಈ ಚರಿತ್ರೆಯನ್ನು ಕುರಿತ ಜನಪ್ರಿಯ ಬರೆಹಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ೧೮೬೮ರಲ್ಲಿ ಲಂಡನ್ ನಗರದಲ್ಲಿ ಅನಿಲದೀಪ. ೧೯೧೨ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಲೆಸ್ಟರ್ ವೈರ್ ಎಂಬ ಪೋಲೀಸಿನವನ ಪೆಟ್ಟಿಗೆ. ೧೯೧೪ರಲ್ಲಿ ಕ್ಲೀವ್‌ಲೆಂಡಿನಲ್ಲಿ ವಿದ್ಯುದ್ದೀಪ. ೧೯೨೦ರಲ್ಲಿ ಡೆಟ್ರಾಯಿಟಿನಲ್ಲಿ ವಿಲಿಯಂ ಪಾಟ್ಸ್‌ನ ಮೂರು ಬಣ್ಣ. ೧೯೨೪ರಲ್ಲಿ ಬರ್ಲಿನ್ನಿನ ಗೋಪುರ. ಆಮೇಲೆ ಒಮ್ಮೆಲೇ ಸಮುದ್ರ ದಾಟಿ, ೧೯೫೩ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ದಕ್ಷಿಣ ಭಾರತದ ಮೊದಲ ದೀಪ, ೧೯೬೩ರಲ್ಲಿ ಬೆಂಗಳೂರಿನ ಕಾರ್ಪೊರೇಷನ್ ವೃತ್ತದಲ್ಲಿ ನಮ್ಮ ಮೊದಲ ದೀಪ ಎಂದು ಹೇಳಿ ಈ ಬರೆಹಗಳು ಮುಗಿಯುತ್ತವೆ. ವಂಶಾವಳಿ ಸಂಪೂರ್ಣವಾಯಿತು, ದಾನದ ಮಾತೇ ಇಲ್ಲ. ಯಾರಿಗಾಗಿ ಆ ದೀಪವನ್ನು ನೆಟ್ಟರು, ಅದರಿಂದ ಯಾರ ದಾರಿ ತೆರೆಯಿತು, ಯಾರದು ಮುಚ್ಚಿತು ಎಂಬುದನ್ನು ಕೇಳುವ ಗೋಜಿಗೇ ಅವು ಹೋಗುವುದಿಲ್ಲ.

‘ಮೊದಲನೆಯದು’ ಎಂಬ ಪದದ ವ್ಯಾಮೋಹವೇ ಈ ದೋಷಕ್ಕೆ ಮೂಲವೆಂದು ನಮ್ಮ ಅಭಿಪ್ರಾಯ. ಯಾವುದನ್ನು ಮೊದಲನೆಯದೆನ್ನಬೇಕೆಂಬುದು ವಸ್ತುವಿನ ಲಕ್ಷಣವನ್ನು ಹೇಗೆ ಕಟ್ಟುತ್ತೇವೆಂಬುದನ್ನು ಅವಲಂಬಿಸಿದೆ. ದೀಪ ಸಾಕೆಂದರೆ ಲಂಡನ್ನು. ವಿದ್ಯುತ್ತು ಬೇಕೆಂದರೆ ಅಮೆರಿಕ. ಮೂರು ಬಣ್ಣ ಬೇಕೆಂದರೆ ಡೆಟ್ರಾಯಿಟು. ಮನುಷ್ಯನ ಕೈ ತಾಗದೆ ತಾನೇ ನಡೆಯಬೇಕೆಂದರೆ ಮತ್ತೊಂದು ಊರು. ನಮ್ಮಲ್ಲಿಯೂ ಇಂಥ ಅಭಿಮಾನದ ಮಾತಿಗೆ ಕೊರತೆಯಿಲ್ಲ. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತಷ್ಟೆ. ಇಡೀ ಏಷ್ಯಾ ಖಂಡದಲ್ಲಿಯೇ ಇದು ಮೊದಲೆಂದು ಭಾಷಣಗಳಲ್ಲಿಯೂ ಪಠ್ಯಗಳಲ್ಲಿಯೂ ಕೇಳಿಬರುತ್ತದೆ. ಆದರೆ ಚೀನ ದೇಶದ ಷಾಂಘೈ ನಗರದ ಬೀದಿಯಲ್ಲಿ ೧೮೮೨ರಲ್ಲಿಯೇ ವಿದ್ಯುತ್ ದೀಪಗಳು ಉರಿದಿದ್ದುವು. ಬೆಂಗಳೂರಿನ ಹಿರಿಮೆಗೆ ಇದರಿಂದ ಭಂಗವೇನೂ ಇಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೧೯೦೨ರ ಜೂನ್ ೩೦ರಂದು ೯೨ ಮೈಲಿ ತಂತಿಯ ಮೇಲೆ ಹರಿದು ಮೊದಲು ಮುಟ್ಟಿದ್ದು ಬೆಂಗಳೂರನ್ನಲ್ಲ, ಕೋಲಾರದ ಚಿನ್ನದ ಗಣಿಯನ್ನು. ಆ ಕಾಲಕ್ಕೆ ಅಷ್ಟು ದೂರದ ಸಾಗಣೆ ಲೋಕದಲ್ಲಿಯೇ ಅಪೂರ್ವವಾದುದು. ಇಲ್ಲಿಯೂ ‘ಕೋಲಾರ ಮೊದಲು’ ಎಂದು ಹಿಗ್ಗುವುದಕ್ಕಿಂತ ‘ಯಾರಿಗಾಗಿ’ ಎಂದು ಕೇಳುವುದೇ ಹೆಚ್ಚು ಫಲಕಾರಿ. ಬಂದದ್ದು ಗಣಿಯ ಯಂತ್ರಗಳಿಗಾಗಿ, ಸೀಮೆಯ ಹಳ್ಳಿಗಳಿಗಾಗಿ ಅಲ್ಲ.

ಈಗ ಲಂಡನ್ನಿನ ಕಂಬದ ಕಡೆಗೆ ತಿರುಗೋಣ. ೧೮೬೮ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಭವನದ ಹತ್ತಿರ ಇದನ್ನು ನಿಲ್ಲಿಸಿದರು. ಯೋಜಿಸಿದವನು ಜೆ. ಪಿ. ನೈಟ್ ಎಂಬ ರೈಲ್ವೆ ಎಂಜಿನಿಯರು. ತಯಾರಿಸಿದವರೂ ರೈಲ್ವೆಯ ಸಂಕೇತಗಳನ್ನು ಮಾಡುವವರೇ. ಹಗಲಲ್ಲಿ ಕಂಬದಿಂದ ತೋಳುಗಳು ಚಾಚಿಕೊಳ್ಳುತ್ತಿದ್ದುವು, ರಾತ್ರಿ ಕೆಂಪು ಹಸುರು ಅನಿಲದೀಪಗಳು ಕಾಣುತ್ತಿದ್ದುವು. ಪೋಲೀಸಿನವನೊಬ್ಬನು ಕೆಳಗೆ ನಿಂತು ಅದನ್ನು ತಿರುಗಿಸಬೇಕಾಗಿತ್ತು. ಕೆಲವೇ ವಾರಗಳಲ್ಲಿ ಅನಿಲ ಸೋರಿ, ಸ್ಫೋಟವಾಗಿ, ಅವನು ಗಾಯಗೊಂಡನು. ಅವನು ಸತ್ತನೆಂದೇ ಬರೆಯುವವರೂ ಉಂಟು. ಪ್ರಶಸ್ತಿಕಾರರಿಗೆ ಗಾಯಕ್ಕಿಂತ ಮರಣ ರುಚಿಸುವುದು ಸಹಜ. ಈ ಸ್ಫೋಟದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದಕ್ಕಿಂತ ಗಮನಾರ್ಹವಾದ ಎರಡು ಸಂಗತಿಗಳನ್ನು ಬಹುಮಂದಿ ಹೇಳದೆ ಬಿಡುತ್ತಾರೆ.

ಒಂದು: ಆಗ ಮೋಟಾರು ವಾಹನವೇ ಇರಲಿಲ್ಲ. ಕುದುರೆಗಾಡಿಗಳ ನೂಕುನುಗ್ಗಲಿನಲ್ಲಿ ನಡೆದು ದಾಟಲಾರದ ಜನರಿಗೆ, ಅದರಲ್ಲಿ ಪಾರ್ಲಿಮೆಂಟಿನ ಸದಸ್ಯರೂ ಸೇರಿದಂತೆ, ದಾರಿಮಾಡಿಕೊಡುವುದಕ್ಕಾಗಿ ಆ ಕಂಬವನ್ನು ನೆಟ್ಟರು. ನಡೆಯುವವನೇ ಅದರ ಪ್ರತಿಗ್ರಹೀತೃ. ಮತ್ತೊಂದು: ಆ ದೀಪದ ಹಸುರಿಗೆ ಇಂದಿನ ಅರ್ಥವಿರಲಿಲ್ಲ. ಹಸುರು ಕಂಡಾಗ ಗಾಡಿಯವನು ಕಾಲ್ನಡೆಯವರ ಸುರಕ್ಷತೆಯನ್ನು ಗಮನದಲ್ಲಿಟ್ಟು ಜಾಗ್ರತೆಯಿಂದ ಸಾಗಬೇಕೆಂದು ಪೋಲೀಸು ಪ್ರಕಟಣೆ ವಿಧಿಸಿತ್ತು. ಎಂದರೆ ಬೀದಿಗೆ ಬಂದ ಮೊಟ್ಟಮೊದಲ ಹಸುರು ಬಣ್ಣ ಎಚ್ಚರಿಕೆಯ ಬಣ್ಣ. ಅನುಮತಿಯೊಡನೆ ಒಂದು ಕಟ್ಟಳೆಯನ್ನೂ ಹೊತ್ತು ಬಂದದ್ದು.

ಇದು ಆಕಸ್ಮಿಕವಲ್ಲ. ರೈಲ್ವೆಯ ಮೊದಲ ದಿನಗಳಲ್ಲಿ ಕೆಂಪು ಅಪಾಯವನ್ನೂ, ಹಸುರು ಎಚ್ಚರಿಕೆಯನ್ನೂ, ಬಿಳಿ ನಿರಾತಂಕವನ್ನೂ ಸೂಚಿಸುತ್ತಿದ್ದುವು. ಬಿಳಿ ಬಣ್ಣದಿಂದ ತೊಂದರೆ ಹೆಚ್ಚಿತು. ಊರುಗಳಲ್ಲಿ ಬಿಳಿ ದೀಪಗಳು ಬೆಳೆದಂತೆ ಯಾವುದು ಮನೆಯ ದೀಪ, ಯಾವುದು ಸಂಕೇತ ಎಂದು ತಿಳಿಯದಾಯಿತು. ಕೆಂಪು ಗಾಜು ಒಡೆದುಹೋದರಂತೂ ಅಪಾಯದ ದೀಪವೇ ನಿರಾತಂಕದ ದೀಪವಾಗಿ ಕಾಣುತ್ತಿತ್ತು. ಆದಕಾರಣ ಹಸುರನ್ನು ನಿರಾತಂಕದ ಸ್ಥಾನಕ್ಕೆ ಏರಿಸಿ, ತೆರವಾದ ಎಚ್ಚರಿಕೆಯ ಸ್ಥಾನಕ್ಕೆ ಮುಂದೆ ಹಳದಿಯನ್ನು ತಂದರು. ಹಳಿಯ ಮೇಲೆ ಈ ಬದಲಾವಣೆಯಿಂದ ಯಾರಿಗೂ ನಷ್ಟವಾಗಲಿಲ್ಲ. ಅಲ್ಲಿ ನಡೆಯುವವರು ಇಲ್ಲ, ಇರಲೂಕೂಡದು. ಆದರೆ ಅದೇ ಬಣ್ಣಗಳು ಬೀದಿಗೆ ಇಳಿದಾಗ, ಹಸುರಿನ ಹಳೆಯ ಅರ್ಥದೊಡನೆ ಕಾಲ್ನಡೆಯವನ ಹಕ್ಕೂ ಸದ್ದಿಲ್ಲದೆ ಕಳಚಿಹೋಯಿತು.

ಕೋಲಾರ ಸೀಮೆಯ ಜನ ಈ ಬಣ್ಣಗಳನ್ನು ಮೊದಲು ಕಂಡದ್ದು ಪಟ್ಟಣದ ವೃತ್ತದಲ್ಲಿ ಅಲ್ಲ. ಬೆಂಗಳೂರಿನಿಂದ ಜೋಲಾರಪೇಟೆಗೆ ೧೮೬೪ರಲ್ಲಿ ರೈಲುಮಾರ್ಗ ತೆರೆಯಿತು. ಮಾಲೂರು, ಟೇಕಲ್, ಬೌರಿಂಗ್‌ಪೇಟೆಗಳು ಆ ಹಾದಿಯಲ್ಲಿವೆ; ಬೌರಿಂಗ್‌ಪೇಟೆಯನ್ನು ಈಗ ಬಂಗಾರಪೇಟೆಯೆನ್ನುತ್ತೇವೆ. ವಕ್ಕಲೇರಿ ಸುತ್ತಿನವರಿಗೆ ಹತ್ತಿರದ ಹಳಿ ಇದೇ. ಬೆಂಗಳೂರಿನ ವೃತ್ತಕ್ಕೆ ದೀಪ ಬರುವುದಕ್ಕೆ ಸುಮಾರು ಒಂದು ಶತಮಾನ ಮೊದಲೇ ಈ ಸೀಮೆಗೆ ರೈಲಿನ ಕೈಮರ ಬಂದಿತ್ತು. ಜನಪ್ರಿಯ ಚರಿತ್ರೆಗಳು ಕ್ಲೀವ್‌ಲೆಂಡಿನಿಂದ ಎಗ್ಮೋರಿಗೆ ಹಾರುವಾಗ ಈ ನೂರು ವರ್ಷಗಳನ್ನು ಕಾಣುವುದೇ ಇಲ್ಲ.

ಕೈಮರ ಎಂಬ ಪದವನ್ನು ಬೇಕೆಂದೇ ಬಳಸಿದ್ದೇವೆ. ದಾರಿಗಳು ಕವಲೊಡೆಯುವಲ್ಲಿ ಊರಿನ ದಿಕ್ಕು ತೋರಲು ನೆಟ್ಟ ಮರಕ್ಕೆ ಕೈಮರವೆಂದೂ ಕೈಕಂಬವೆಂದೂ ಕನ್ನಡದಲ್ಲಿ ಹೆಸರು. ಚಿಕ್ಕಮಗಳೂರಿನ ಹತ್ತಿರ ಕೈಮರ, ಮಂಗಳೂರಿನ ಕಡೆ ಕೈಕಂಬ ಎಂದು ಊರುಗಳೇ ಈ ಹೆಸರನ್ನು ತಳೆದಿವೆ. ದಾರಿಗೆ ಸಂಬಂಧಿಸಿದ ಸಂಕೇತವೆಂದರೆ ಕೈ ಎಂಬ ಭಾವನೆ ನಮ್ಮ ನುಡಿಯಲ್ಲಿ ಎಷ್ಟು ಬೇರೂರಿದೆಯೆಂಬುದಕ್ಕೆ ಇದು ನಿದರ್ಶನ. ಮತ್ತೊಂದು ಪ್ರಯೋಗವನ್ನೂ ಇಲ್ಲಿ ಪರಿಶೀಲಿಸಬಹುದು. ನಗರದಲ್ಲಿ ಇಂದಿಗೂ ‘ಸಿಗ್ನಲ್ ಬಿತ್ತು’ ಎನ್ನುತ್ತಾರೆ. ದೀಪ ಬೀಳುವುದಿಲ್ಲ, ಹತ್ತುತ್ತದೆ. ಬೀಳುತ್ತಿದ್ದುದು ರೈಲಿನ ಕೈಮರದ ತೋಳು. ಅಡ್ಡಲಾಗಿದ್ದ ತೋಳು ಕೆಳಕ್ಕೆ ಬಾಗಿದಾಗ ಗಾಡಿಗೆ ಹಾದಿ ಸಿಕ್ಕಿತೆಂದು ಅರ್ಥ. ನಗರದ ಮಾತಿನಲ್ಲಿ ಹಳಿಯ ನೆನಪು ಹೀಗೆ ಉಳಿದಿರಬಹುದೆಂದು ಊಹಿಸಲು ಅವಕಾಶವಿದೆ. ಆದರೆ ಕನ್ನಡದಲ್ಲಿ ಬಿಸಿಲೂ ಬೀಳುತ್ತದೆ, ಬೆಳಕೂ ಬೀಳುತ್ತದೆ, ಗಂಟುಬೀಳುವುದೂ ಬೆನ್ನುಬೀಳುವುದೂ ಉಂಟು. ಆದ್ದರಿಂದ ಈ ಒಂದು ಧಾತುವಿನ ಮೇಲೆ ದೊಡ್ಡ ಕಟ್ಟಡವನ್ನು ಎಬ್ಬಿಸಲಾಗದು.

ಕೈಯಿಂದ ದೀಪಕ್ಕೆ ಆದ ಸ್ಥಿತ್ಯಂತರವನ್ನು ಕ್ಲೀವ್‌ಲೆಂಡಿನ ಉದಾಹರಣೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ದೀಪ ಬಂದದ್ದು ೧೯೧೪ರ ಆಗಸ್ಟ್ ೫ರಂದು. ಬೆಂಗಳೂರಿನ ಬೀದಿದೀಪಕ್ಕೂ ಇದಕ್ಕೂ ತಿಂಗಳು ದಿನಾಂಕ ಒಂದೇ. ವಿನೋದದ ಸಂಗತಿಯೇ ಹೊರತು ಇದರಿಂದ ಏನೂ ಸಿದ್ಧವಾಗುವುದಿಲ್ಲ. ಕೆಂಪು, ಹಸುರು ಎರಡೇ ಬಣ್ಣ. ಬದಲಾವಣೆಯನ್ನು ಸಾರಲು ಒಂದು ಗಂಟೆ. ಪಕ್ಕದ ಗೂಡಿನಲ್ಲಿ ಕುಳಿತ ಪೋಲೀಸಿನವನ ಕೈಯಲ್ಲಿ ಗುಂಡಿ. ಕೈ ಮರೆಯಾಗಲಿಲ್ಲ, ಗೂಡಿನೊಳಗೆ ಸೇರಿತು ಅಷ್ಟೆ. ಇದೇ ಊರಿನ ಗ್ಯಾರೆಟ್ ಮಾರ್ಗನ್ ಎಂಬಾತನು ೧೯೨೩ರಲ್ಲಿ ಒಂದು ಸಾಧನಕ್ಕೆ ಹಕ್ಕುಪತ್ರ ಪಡೆದನು. ಮೂರು ಬಣ್ಣದ ದೀಪವನ್ನು ಕಂಡುಹಿಡಿದವನು ಇವನೇ ಎಂದು ಅಸಂಖ್ಯಾತ ಪುಸ್ತಕಗಳು ಬರೆದಿವೆ. ಇದು ಸರಿಯಲ್ಲ. ಮಾರ್ಗನ್ನನ ಸಾಧನ ಬಣ್ಣದ ದೀಪವೇ ಅಲ್ಲ; ಕೈಯಿಂದ ತಿರುಗಿಸುವ, ತೋಳುಗಳುಳ್ಳ ಕಂಬ, ನಮ್ಮ ಮಾತಿನಲ್ಲಿ ಹೇಳುವುದಾದರೆ ಕೈಮರ. ಆದರೆ ಅದರಲ್ಲಿ ನಿಜವಾದ ಒಂದು ಹೊಸತಿತ್ತು: ಎಲ್ಲ ದಿಕ್ಕಿನ ವಾಹನಗಳನ್ನೂ ಏಕಕಾಲಕ್ಕೆ ನಿಲ್ಲಿಸಿ, ನಡೆಯುವವರು ದಾಟಲು ಎಡೆಗೊಡುವ ಮೂರನೆಯ ಭಂಗಿ. ಇಲ್ಲದ ಕೀರ್ತಿಯನ್ನು ಆತನಿಗೆ ಹೊರಿಸುವ ಭರದಲ್ಲಿ ಇದ್ದ ಕೀರ್ತಿಯನ್ನು ಕಳೆದಿದ್ದಾರೆ. ಪ್ರಶಸ್ತಿ ಬೆಳೆದಷ್ಟೂ ದಾನ ಮರೆಯಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನಮಗೆ ತಿಳಿಯದು. ಆ ಹೊತ್ತಿಗೆ ಅಮೆರಿಕದ ಬೀದಿ ಮೋಟಾರಿಗೆ ಒಲಿಯುತ್ತಿತ್ತು. ೧೯೨೫ರಲ್ಲಿ ಲಾಸ್ ಏಂಜಲೀಸ್ ನಗರ ಗೊತ್ತುಮಾಡಿದ ಎಡೆಯ ಹೊರತು ಬೇರೆಲ್ಲಿಯೂ ನಡೆದು ದಾಟಬಾರದೆಂದು ಕಟ್ಟಳೆ ಮಾಡಿತು. ನಡೆಯುವವನು ದಾನ ಪಡೆಯುವ ಸ್ಥಾನದಿಂದ ಅಪರಾಧಿಯ ಸ್ಥಾನಕ್ಕೆ ಇಳಿದನು.

ಇನ್ನು ಕಾರ್ಪೊರೇಷನ್ ವೃತ್ತ. ಈ ಸ್ಥಳದ ಎಲ್ಲೆಕಟ್ಟನ್ನು ತಿಳಿಯದೆ ಇಲ್ಲಿಯ ದೀಪವನ್ನು ತಿಳಿಯಲಾಗದು. ಬೆಂಗಳೂರಿನ ಹಳೆಯ ಪೇಟೆಗೆ ಕಂದಕವೂ ಮುಳ್ಳಿನ ಬೇಲಿಯೂ ಬಾಗಿಲುಗಳೂ ಇದ್ದುವು. ಪೂರ್ವದ ಕಡೆಗೆ ತೆರೆಯುತ್ತಿದ್ದುದು ಹಲಸೂರು ಬಾಗಿಲು. ಕೋಲಾರದ ಕಡೆಯಿಂದ ಮದರಾಸು ರಸ್ತೆಯಲ್ಲಿ ಬಂದು, ಹಲಸೂರನ್ನು ಹಾದು ಪೇಟೆಯನ್ನು ಸೇರುವವರಿಗೆ ಇದೇ ಹೆಬ್ಬಾಗಿಲು. ೧೭೯೧ರ ಮಾರ್ಚ್ ೭ರಂದು ಇಂಗ್ಲಿಷರ ಸೈನ್ಯ ಪೇಟೆಯೊಳಕ್ಕೆ ನುಗ್ಗಿದ್ದೂ ಈ ಬಾಗಿಲಿನಿಂದಲೇ. ಆ ಯುದ್ಧದಲ್ಲಿ ಮಡಿದ ಇಂಗ್ಲಿಷರ ನೆನಪಿಗೆ ಇಲ್ಲಿಯೇ ಒಂದು ಸ್ಮಾರಕಸ್ತಂಭವನ್ನು ನಿಲ್ಲಿಸಿದ್ದರು. ಇಂದಿನ ನೃಪತುಂಗ ರಸ್ತೆಗೆ ಅದರಿಂದಲೇ ಸೆನೋಟಾಫ್ ರಸ್ತೆಯೆಂಬ ಹೆಸರಿತ್ತು. ಮುಂದೆ ಪೇಟೆಯ ಬೆಂಗಳೂರು, ದಂಡಿನ ಬೆಂಗಳೂರು ಎಂದು ಎರಡು ಆಡಳಿತಗಳಾದಾಗ, ಎರಡೂ ಒಂದನ್ನೊಂದು ಮುಟ್ಟುವ ಎಡೆಯೂ ಈ ಸುತ್ತಿನದೇ. ೧೯೪೯ರಲ್ಲಿ ಎರಡನ್ನೂ ಒಂದೇ ನಗರಸಭೆಯ ಕೆಳಗೆ ತಂದರು. ೧೯೬೩ರ ದೀಪ ಈ ಸಂಧಿಸ್ಥಾನದಲ್ಲಿ ನಿಂತಿತು. ಮರುವರ್ಷ, ೧೯೬೪ರಲ್ಲಿ, ಕನ್ನಡಿಗರ ಚಳುವಳಿಯ ಒತ್ತಾಯಕ್ಕೆ ಮಣಿದು ನಗರಸಭೆ ಆ ಇಂಗ್ಲಿಷ್ ಸ್ತಂಭವನ್ನು ಕೆಡವಿಸಿತು. ಒಂದು ವರ್ಷದ ಅಂತರದಲ್ಲಿ ಒಂದು ಕಂಬ ಎದ್ದಿತು, ಒಂದು ಕಂಬ ಬಿದ್ದಿತು. ಬಿದ್ದ ಕಂಬದ ಅರ್ಥವೇನೆಂದು ಊರೆಲ್ಲ ವಾದಿಸಿತು. ಎದ್ದ ಕಂಬದ ಅರ್ಥವನ್ನು ಯಾರೂ ಕೇಳಿದಂತಿಲ್ಲ.

ನಮ್ಮ ದೃಷ್ಟಿಯಲ್ಲಿ ಅದು ಹಳೆಯ ಬಾಗಿಲೇ ಮತ್ತೆ ಬಂದದ್ದು. ಬಾಗಿಲಿನಂತೆ ದೀಪವೂ ತೆರೆಯುತ್ತದೆ, ಮುಚ್ಚುತ್ತದೆ. ವ್ಯತ್ಯಾಸವಿರುವುದು ಕಾವಲಿನಲ್ಲಿ. ಬಾಗಿಲಿಗೆ ಕಾವಲುಗಾರನಿದ್ದ, ಆಮೇಲೆ ವೃತ್ತದ ನಡುವೆ ಕಟ್ಟೆಯ ಮೇಲೆ ಕೊಡೆಯ ಕೆಳಗೆ ಪೋಲೀಸಿನವನಿದ್ದ. ಎತ್ತಿದ ಕೈಯ ಹಿಂದೆ ಒಂದು ಜೊತೆ ಕಣ್ಣು ಇರುತ್ತಿತ್ತು. ಹೇರು ಹೊತ್ತ ಎತ್ತಿನಗಾಡಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟವೆಂಬುದನ್ನು ಆ ಕಣ್ಣು ಬಲ್ಲುದು; ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತ ಮುದುಕಿಗಾಗಿ ಕೈಯನ್ನು ಇನ್ನೊಂದು ಗಳಿಗೆ ಎತ್ತಿಯೇ ಹಿಡಿಯಬಲ್ಲುದು. ೧೯೬೩ರ ಬೆಂಗಳೂರಿನ ಬೀದಿ ಅಮೆರಿಕದ ಬೀದಿಯಾಗಿರಲಿಲ್ಲ. ಸೈಕಲ್ಲು, ಜಟಕಾ, ಎತ್ತಿನಗಾಡಿ, ತಳ್ಳುಗಾಡಿ, ಇವೆಲ್ಲಕ್ಕಿಂತ ಮಿಗಿಲಾಗಿ ಕಾಲ್ನಡೆ. ಆ ಬೀದಿಗೆ ನಾವು ತಂದುಕೊಂಡದ್ದು ನಡೆಯುವವರಿಗಾಗಿ ನೆಟ್ಟ ೧೮೬೮ರ ಕಂಬದ ಆಶಯವನ್ನಲ್ಲ, ಮೋಟಾರಿಗಾಗಿ ಪಳಗಿಸಿದ ಆಮೇಲಿನ ದೀಪವನ್ನು. ೧೯೩೯ರ ಮೋಟಾರು ವಾಹನ ಕಾಯಿದೆಯೂ ೧೯೬೦ರ ಮೈಸೂರು ಸಂಚಾರ ನಿಯಂತ್ರಣ ಕಾಯಿದೆಯೂ ಆ ವೇಳೆಗೆ ಸಿದ್ಧವಾಗಿದ್ದುವು. ಪಟ ಸಿಕ್ಕಿದ ಸ್ಥಳ ಬೆಂಗಳೂರು. ಅದರಲ್ಲಿ ಬರೆದ ಎಲ್ಲೆಕಟ್ಟು ಬೇರೆ ನಾಡಿನದು.

ಇದಕ್ಕೆ ಒಂದು ಬಲವಾದ ಆಕ್ಷೇಪಣೆಯುಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಪೋಲೀಸಿನವನ ಕಣ್ಣು ಮುದುಕಿಯನ್ನು ಮಾತ್ರ ನೋಡುತ್ತಿರಲಿಲ್ಲ, ಅಧಿಕಾರಿಯ ಕಾರನ್ನೂ ನೋಡುತ್ತಿತ್ತು. ಗಾಡಿಯವನನ್ನು ಗದರಿಸಿ ಹಿಂದಕ್ಕೆ ತಳ್ಳಿ ಕಾರಿಗೆ ಸಲಾಮು ಹೊಡೆಯುವ ಕೈಯೂ ಅದೇ ಕೈ. ದೀಪವಾದರೋ ಮುಖ ನೋಡಿ ಮಣೆ ಹಾಕುವುದಿಲ್ಲ. ಕೆಂಪೆಂದರೆ ಮಂತ್ರಿಗೂ ಕೆಂಪು, ಮಾಲಿಗೂ ಕೆಂಪು. ಪ್ರಜಾಪ್ರಭುತ್ವದ ಬೀದಿಗೆ ದೀಪವೇ ಉಚಿತವೆಂಬ ಈ ವಾದವನ್ನು ನಾವು ಗೌರವಿಸುತ್ತೇವೆ. ಆದರೆ ದೀಪದ ನಿಷ್ಪಕ್ಷಪಾತ ಮನುಷ್ಯ ಮನುಷ್ಯರ ನಡುವಿನದು, ವೇಗ ವೇಗಗಳ ನಡುವಿನದಲ್ಲ. ಅವಧಿಯನ್ನು ಗೊತ್ತುಮಾಡುವಾಗ ವಾಹನದ ಸಾಲನ್ನು ಎಣಿಸುತ್ತಾರೆ. ಉಳಿದ ಕ್ಷಣಗಳು ನಡೆಯುವವನ ಪಾಲು. ಆ ಕ್ಷಣಗಳಲ್ಲಿ ಹರೆಯದವನು ಓಡಿ ದಾಟುತ್ತಾನೆ, ಬುಟ್ಟಿ ಹೊತ್ತವಳು ನಡುದಾರಿಯಲ್ಲಿ ಉಳಿಯುತ್ತಾಳೆ. ಸಮಾನವಾಗಿ ಕೊಟ್ಟದ್ದು ಸಮಾನವಾಗಿ ದಕ್ಕಲಿಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ಪ್ರಾಣ ಕಳೆದುಕೊಳ್ಳುವವರಲ್ಲಿ ಕಾಲ್ನಡೆಯವರ ಪಾಲು ವರ್ಷವರ್ಷವೂ ದೊಡ್ಡದಾಗಿಯೇ ಇರುವುದನ್ನು ಕಂಡಮೇಲೆ, ಇದು ಕೇವಲ ಶಾಸ್ತ್ರಚರ್ಚೆಯೆಂದು ಯಾರೂ ಹೇಳಲಾರರು.

ಈಚೆಗೆ ದೀಪಕ್ಕೆ ಮತ್ತೆ ಕಣ್ಣು ಬಂದಿದೆ. ೨೦೨೪ರಿಂದ ಬೆಂಗಳೂರಿನ ಹಲವು ಕೂಡುರಸ್ತೆಗಳಲ್ಲಿ ಕ್ಯಾಮೆರಾಗಳು ವಾಹನಗಳ ದಟ್ಟಣೆಯನ್ನು ನೋಡಿ ದೀಪದ ಅವಧಿಯನ್ನು ತಾವೇ ಹೆಚ್ಚುಕಡಿಮೆ ಮಾಡುವ ಏರ್ಪಾಟು ನಡೆಯುತ್ತಿದೆ. ಕೆಲವೆಡೆ ನಡೆಯುವವನು ತಾನೇ ಗುಂಡಿಯೊತ್ತಿ ವಾಹನಗಳನ್ನು ನಿಲ್ಲಿಸುವ ದೀಪಗಳೂ ಇವೆ. ಮೊದಲಿನದರ ಕಣ್ಣು ಯಾವುದನ್ನು ಎಣಿಸಲು ಕಲಿತಿದೆ, ಎರಡನೆಯದರ ಗುಂಡಿ ಎಷ್ಟು ಹೊತ್ತಿಗೆ ಓಗೊಡುತ್ತದೆ ಎಂಬುದು ಪರೀಕ್ಷಿಸತಕ್ಕ ವಿಷಯ. ಗಂಟೆಗೆ ಎಷ್ಟು ವಾಹನ ಸಾಗಿದುವೆಂದು ಹೇಳುವ ವರದಿ ಪ್ರಶಸ್ತಿಭಾಗಕ್ಕೆ ಸೇರಿದ್ದು. ಎಷ್ಟು ಜನ ನಡೆದು ದಾಟಿದರು, ಎಷ್ಟು ಹೊತ್ತು ಕಾದರು ಎಂಬ ಎಣಿಕೆ ದಾನಭಾಗಕ್ಕೆ ಸೇರಿದ್ದು.

ನಮ್ಮ ವಿದ್ಯಾರ್ಥಿಗಳು ಈ ಎರಡನೆಯ ಭಾಗವನ್ನು ಬರೆಯಲು ತೊಡಗಬೇಕೆಂಬುದು ನಮ್ಮ ಅಪೇಕ್ಷೆ. ನಗರಸಭೆಯ ನಡವಳಿಗಳು, ಪೋಲೀಸು ಆಜ್ಞೆಗಳು, ಆ ಕಾಲದ ದಿನಪತ್ರಿಕೆಗಳು ಇದಕ್ಕೆ ಆಕರಗಳು. ಅವುಗಳೊಡನೆ ವಕ್ಕಲೇರಿ, ನರಸಾಪುರ, ಮಾಲೂರುಗಳ ಹಿರಿಯರ ಹೇಳಿಕೆಗಳನ್ನೂ ಸೇರಿಸಬೇಕು. ತರಕಾರಿ, ರೇಷ್ಮೆಗೂಡುಗಳನ್ನು ಹೇರಿಕೊಂಡು ಬೆಂಗಳೂರಿಗೆ ಹೋಗಿಬರುತ್ತಿದ್ದ ತಲೆಮಾರಿನವರು ಇನ್ನೂ ನಮ್ಮ ನಡುವೆ ಇದ್ದಾರೆ. ಮೊದಲ ದೀಪವನ್ನು ಯಾವ ವರ್ಷ ಕಂಡಿರಿ ಎಂದು ಅವರನ್ನು ಕೇಳಬೇಕಾಗಿಲ್ಲ. ಯಾವ ದಾರಿಯಲ್ಲಿ ಪೇಟೆಯನ್ನು ಹೊಗುತ್ತಿದ್ದಿರಿ, ಎಲ್ಲಿ ಇಳಿದು ನಡೆಯುತ್ತಿದ್ದಿರಿ, ವೃತ್ತವನ್ನು ಯಾರ ಕೈ ನೋಡಿಕೊಂಡು ದಾಟುತ್ತಿದ್ದಿರಿ, ದೀಪ ಬಂದ ಮೇಲೆ ಆ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿದಿರೇ ಎಂದು ಕೇಳಬೇಕು.